ಅಕ್ಕ ಇಟ್ಟ ಪರೀಕ್ಷೆ

ತಮ್ಮನ ಚೀಲವನ್ನು ಅಕ್ಕ ಮೇಜಿನ ಮೇಲೆ ಸುರಿದಳು. ತಂತಿ, ಸಣ್ಣ ಅರ, ಇಕ್ಕಳ. ಕಳ್ಳತನಕ್ಕೆ ಎರಡು ವರ್ಷ ಜೈಲಿನಲ್ಲಿದ್ದು ಬಂದವನು, ಒಂದು ತಿಂಗಳಿಂದ ದಿನಾ ಮಧ್ಯಾಹ್ನ ಕ್ಲಾಸಿದೆ ಎಂದು ಹೊರಡುತ್ತಿದ್ದ.

"ಇದೇನಾ ನಿನ್ನ ಓದು? ಯಾರ ಕಿವಿ ಮೇಲೆ ಹೂ ಇಡ್ತೀಯ?"

"ಬೀಗ ರಿಪೇರಿ ಕ್ಲಾಸು ಕಣಕ್ಕ. ಸರ್ಟಿಫಿಕೇಟ್ ಕೊಡ್ತಾರೆ."

"ಕಳ್ಳನಿಗೆ ಬೀಗದ ಪಾಠ ಹೇಳೋ ಪುಣ್ಯಾತ್ಮ ಯಾರೋ?" ಅವಳು ತನ್ನ ಕಬ್ಬಿಣದ ಪೆಟ್ಟಿಗೆಗೆ ಬೀಗ ಜಡಿದು ಅವನ ಮುಂದೆ ತಳ್ಳಿದಳು. "ತೆಗಿ, ನೋಡೋಣ."

ಇದೇ ಪೆಟ್ಟಿಗೆಯ ಹಳೇ ಬೀಗ ಒಡೆದು ಅವನು ಅಮ್ಮನ ಬಳೆ ಕದ್ದಿದ್ದ. ಈಗ ನೆಲದ ಮೇಲೆ ಕೂತು, ಬೀಗಕ್ಕೆ ಕಿವಿ ಹಚ್ಚಿ, ತಂತಿಯನ್ನು ಕೂದಲೆಳೆಯಷ್ಟೇ ಆಡಿಸುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿತು. ಅಕ್ಕ ಅವನ ಕೈಯಿಂದ ಕಣ್ಣು ಕೀಳಲಿಲ್ಲ.

"ನಾಟಕ ಸಾಕು. ಆಗೆಲ್ಲ ಚಿಟಿಕೆ ಹೊಡೆಯೋದ್ರೊಳಗೆ ತೆಗೀತಿದ್ದೆ."

"ಆಗ ಒಡೀತಿದ್ದೆ ಅಕ್ಕ."

ಟಕ್ ಎಂದಿತು. ಅವನು ಪೆಟ್ಟಿಗೆಯ ಮುಚ್ಚಳ ಮುಟ್ಟದೆ, ಬೀಗವನ್ನಷ್ಟೇ ಅವಳ ಕೈಗಿತ್ತ. ಅವಳು ಅದನ್ನು ಅದುಮಿದಳು, ತನ್ನ ಕೀಲಿ ಹಾಕಿ ತಿರುಗಿಸಿದಳು. ತೆರೆಯಿತು. ಇನ್ನೊಮ್ಮೆ ಅದುಮಿದಳು, ಇನ್ನೊಮ್ಮೆ ತಿರುಗಿಸಿದಳು. ಎಲ್ಲೂ ಒಂದು ಗೀರಿಲ್ಲ.

"ಪಕ್ಕದ ಮನೆ ಬಾಗಿಲ ಬೀಗ ಕಚ್ಕೊಂಡು ಕೂತಿದೆ, ಚೀಲ ತಗೋ," ಎಂದಳು. "ನಾನೂ ಜೊತೆಗೆ ಬರ್ತೀನಿ."