ಬೂಟಿನ ಹಿಮ್ಮಡಿ

ಎಲ್ಲರೂ ಬಡಾಯಿ ಎಂದೇ ಕರೆಯುವ ಹುಡುಗಿಯ ಬೂಟು ಅವತ್ತು ಎಷ್ಟು ಹೊಳೆಯುತ್ತಿತ್ತೆಂದರೆ, ಮೇಲೆ ಹಾರುತ್ತಿದ್ದ ಕಾಗೆಯೊಂದು ಕೆಳಗೂ ಒಂದು ಆಕಾಶವಿದೆ ಎಂದುಕೊಂಡು ದಾರಿ ತಪ್ಪಿತು. ಹಾಗೆಂದು ಕೆಡೆಟ್ ಸಾಲಿನಲ್ಲಿ ಪಕ್ಕ ನಿಂತವಳ ಕಿವಿಯಲ್ಲಿ ಉಸುರಿದ್ದು ಅವಳೇ. ಯಾರ ಬೂಟು ಚೆನ್ನಾಗಿದೆಯೋ ಅವರ ಕೈಗೆ ಇವತ್ತು ಬಾವುಟ.

ಡ್ರಿಲ್ ಮೇಡಂ ಬಗ್ಗಿ ನೋಡಿದರು. ಬೂಟಿನ ಮೂತಿಯಲ್ಲಿ ಅವರ ಟೋಪಿ, ಹುಬ್ಬು, ಮೂಗು ಎಲ್ಲ ಕಂಡವು. “ಭೇಷ್! ಯಾರಮ್ಮ ಪಾಲಿಶ್ ಮಾಡಿದ್ದು?”

“ನಾನೇ ಮೇಡಂ! ಊಟ ನಿದ್ದೆ ಬಿಟ್ಟು ಮೂರು ದಿನ ಉಜ್ಜಿದೀನಿ. ಬಟ್ಟೆ ಸವೆದು ಬರೀ ದಾರ ಉಳೀತು!” ಬಾವುಟದ ಕೋಲು ಆಗಲೇ ಅಂಗೈಗೆ ಬಂದಂತೆ ಅವಳ ಬೆರಳು ಮಡಚಿಕೊಂಡವು.

“ಹೌದಾ? ಹಿಂದೆ ತಿರುಗ್!”

ಟಪ್ಪೆಂದು ತಿರುಗಿದಳು. ಬೆನ್ನ ಹಿಂದೆ ಮೇಡಂ ನಕ್ಕದ್ದು ಕೇಳಿಸಿತು. “ಹಿಮ್ಮಡಿ ತುಂಬ ಹೋದ ವಾರದ ಕೆಸರು! ಇದನ್ನ ಯಾವಾಗ ಉಜ್ಜಿದ್ದೆ ತಾಯಿ?”

ಮಡಚಿದ್ದ ಬೆರಳು ಒಂದೊಂದಾಗಿ ಬಿಡಿಸಿಕೊಂಡವು. “ಮುಂದಿನದೆಲ್ಲ ನಮ್ಮತ್ತಿಗೆ ಉಜ್ಜಿದ್ದು ಮೇಡಂ,” ಎಂದಳು ಎದುರಿನ ಗೋಡೆಗೆ. “ಹಿಂದಿನದಾದ್ರೂ ನೀನೇ ಮಾಡ್ಕೊಳೇ ಅಂದ್ರು. ನಾನು ಹೊಟ್ಟೆ ತುಂಬ ಉಂಡು ಮಲಗಿಬಿಟ್ಟೆ.”