ಕೊನೆಗೆ ಮುಟ್ಟಿದ ಕೈ

“ಕೋಡಿನ ಈ ಸಾಲು ನಿಮ್ಮ ಹೆಸರಿನಲ್ಲಿದೆ. ಮೂರು ವಾರದಿಂದ ನಮ್ಮ ಗ್ರಂಥಾಲಯದ ಕಂಪ್ಯೂಟರ್ ಬೆಳಿಗ್ಗೆ ಒಂದೇ ಸಲಕ್ಕೆ ಶುರುವಾದದ್ದಿಲ್ಲ. ಪರದೆಯ ಮೇಲಿನ ದೋಷಸೂಚನೆ ಈ ಸಾಲನ್ನೇ ತೋರಿಸುತ್ತದೆ. ಜನ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾರೆ. ದಯವಿಟ್ಟು ಕಾರಣ ತಿಳಿಸಿ.”

ಗುರುತು ಪರಿಚಯವಿಲ್ಲದ ಗ್ರಂಥಪಾಲಕರೊಬ್ಬರ ಮೇಲ್. ಆಗಷ್ಟೇ ಆಸ್ಪತ್ರೆಯಿಂದ ಹಗಲು ಡ್ಯೂಟಿ ಮುಗಿಸಿ ಬಂದಿದ್ದ ನರ್ಸ್ ಅದನ್ನು ನಿಂತೇ ಒಮ್ಮೆ ಓದಿದಳು, ಹೆಗಲ ಚೀಲ ಇಳಿಸದೆ ಕೂತು ಇನ್ನೊಮ್ಮೆ ಓದಿದಳು. “ನಾನು ಕೋಡ್ ಬರೆದಿದ್ದು ಯಾವ ಜನ್ಮದಲ್ಲಿ?” ಎಂದು ನಾದಿನಿಯನ್ನು ಕೂಗಿದಳು.

ನಾದಿನಿಯ ಹೊಟ್ಟೆಪಾಡೇ ಕೋಡ್ ಬರೆಯುವುದು. ಬಂದು ಇಣುಕಿ ನೋಡಿ ನಕ್ಕಳು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಹಾಗಾಯ್ತು ನೋಡಿ ಅತ್ತಿಗೆ. ಒಂದು ಸಾಲಲ್ಲಿ ನೀವು ಒಂದಕ್ಷರ ಮುಟ್ಟಿದ್ರೂ ಇಡೀ ಸಾಲಿಗೆ ನಿಮ್ಮ ಹೆಸರೇ ತೋರಿಸೋದು. ಕೊನೆಗೆ ಮುಟ್ಟಿದವರ ಹೆಸರು. ನೀವು ಕಾಗುಣಿತ ತಿದ್ದಿದ ಟಿಪ್ಪಣಿ ಕೋಡಿನ ಸಾಲಲ್ಲೇ ಇತ್ತು, ಅಷ್ಟೇ. ನನಗೆ ಸಂಬಂಧ ಇಲ್ಲ ಅಂತ ಬರೆದು ಕೈತೊಳ್ಕೊಳ್ಳಿ.”

ಈ ತಿದ್ದುವ ಹುಚ್ಚು ಹಿಡಿಸಿದವಳೂ ನಾದಿನಿಯೇ. ಗ್ರಂಥಾಲಯದ ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ಬರೆದವರು ಮುಂದೆ ಓದುವವರಿಗೆಂದು ಕೋಡಿನ ಪಕ್ಕದಲ್ಲಿ ಟಿಪ್ಪಣಿ ಬಿಟ್ಟಿರುತ್ತಾರೆ. ಯಂತ್ರ ಅವನ್ನು ಹಾರಿಸಿ ಮುಂದೆ ಹೋಗುತ್ತದೆ. ಅವುಗಳ ತುಂಬ ಕಾಗುಣಿತದ ತಪ್ಪು. ಒಂದಕ್ಷರ ತಪ್ಪಿದರೆ ಔಷಧಿಯೇ ಬೇರೆಯಾಗುವ ವಾರ್ಡಿನಲ್ಲಿ ಇಪ್ಪತ್ತು ವರ್ಷ ಸವೆಸಿದವಳಿಗೆ ಅವು ಅನ್ನದಲ್ಲಿ ಕಲ್ಲು ಸಿಕ್ಕಂತೆ. ಆರು ತಿಂಗಳಲ್ಲಿ ನಲವತ್ತೊಂದು ತಪ್ಪು ತಿದ್ದಿ ಕಳಿಸಿದ್ದಳು. ನಲವತ್ತೊಂದೂ ಒಪ್ಪಿತವಾಗಿದ್ದವು. ಆ ಬಗ್ಗೆ ಅವಳಿಗೆ ಮನೆಯವರೆಲ್ಲ ಮರೆಯಲ್ಲಿ ನಗುವಷ್ಟು ಹೆಮ್ಮೆ.

ಅಷ್ಟರಲ್ಲಿ ಕೋಡಿನ ಆ ಭಾಗದ ಮೇಲ್ವಿಚಾರಕರ ಮೇಲ್ ಬಂತು; ಗ್ರಂಥಪಾಲಕರ ಪತ್ರದ ಪ್ರತಿ ಅವರಿಗೂ ಹೋಗಿತ್ತು. ಮನುಷ್ಯ ಒಳ್ಳೆಯವನೇ. “ಬೇಸರ ಬೇಡ, ತಪ್ಪು ನಿಮ್ಮದಲ್ಲ. ನಿಮ್ಮ ನಲವತ್ತೊಂದು ತಿದ್ದುಪಡಿಗಳನ್ನೂ ಲೆಕ್ಕಕ್ಕೆ ಹಿಡಿಯದವುಗಳ ಪಟ್ಟಿಗೆ ಸೇರಿಸಿಬಿಡುತ್ತೇನೆ. ಅಕ್ಷರ ನೀವು ತಿದ್ದಿದಂತೆಯೇ ಇರುತ್ತದೆ, ಹೆಸರು ಮಾತ್ರ ಹಳಬರದ್ದು ಕಾಣುತ್ತದೆ. ಇನ್ನು ನಿಮ್ಮನ್ನು ಯಾರೂ ಕೇಳುವುದಿಲ್ಲ.”

“ಆಟಕ್ಕುಂಟು ಲೆಕ್ಕಕ್ಕಿಲ್ಲ. ಆರಾಮ!” ಎಂದಳು ನಾದಿನಿ. ಅತ್ತಿಗೆಗೆ ನಗು ಬರಲಿಲ್ಲ. ಈ ಸಾಲಿನ ಹಳಬರು ಯಾರು, ಗ್ರಂಥಪಾಲಕರಿಗೆ ಅವರು ಉತ್ತರ ಕೊಡುತ್ತಾರೆಯೇ ಎಂದು ತಿರುಗಿ ಕೇಳಿದಳು. ಐದೇ ನಿಮಿಷಕ್ಕೆ ಉತ್ತರ ಬಂತು: “ಬರೆದು ಹನ್ನೊಂದು ವರ್ಷವಾಯಿತು. ಬರೆದವರ ಮೇಲ್ ವಿಳಾಸ ಈಗಿಲ್ಲ. ಸದ್ಯಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ.”

ಅವಳು ಆ ಸಾಲನ್ನು ತೆರೆದಳು. ‘ಡಿಸ್ಕ್ ಎಚ್ಚರವಾಗಲು ಎರಡು ಸೆಕೆಂಡ್ ಬಹುಶಃ ಸಾಕು’ ಎಂದಿತ್ತು. ‘ಬಹುಶಃ’ ಎಂಬಲ್ಲಿ ಬಿಟ್ಟುಹೋಗಿದ್ದ ಒಂದಕ್ಷರವನ್ನು ಸೇರಿಸಿದ್ದು ಅವಳೇ. ಸೇರಿಸಿ, ಖುಷಿಪಟ್ಟು, ಮುಂದಿನ ತಪ್ಪಿಗೆ ಹೋಗಿದ್ದಳು. ಅಕ್ಷರ ನೋಡಿದ್ದಳೇ ಹೊರತು ಮಾತು ಓದಿರಲಿಲ್ಲ. ‘ಬಹುಶಃ ಸಾಕು’ ಎಂದು ರೋಗಿಯ ಕೇಸ್ ಶೀಟಿನಲ್ಲಿ ಯಾರಾದರೂ ಬರೆದಿದ್ದರೆ ಊಟಕ್ಕೆ ಕೂತ ಡಾಕ್ಟರನ್ನು ಎಬ್ಬಿಸಿ ಕೇಳುತ್ತಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬಂತು.

“ಎರಡು ಸೆಕೆಂಡಲ್ಲಿ ಎಚ್ಚರ ಆಗದೇ ಇದ್ರೆ?”

“ಡಿಸ್ಕೇ ಇಲ್ಲ ಅಂದ್ಕೊಂಡು ಸಿಸ್ಟಂ ಕೈಬಿಡುತ್ತೆ. ಡಿಸ್ಕು ಹಳೇದಾದಷ್ಟೂ ಏಳೋದು ನಿಧಾನ.”

“ಎರಡು ಸೆಕೆಂಡಿಗೆ ಕೈಬಿಡೋದಾ! ಹಾಗೆ ಬಿಟ್ಟಿದ್ರೆ ನನ್ನ ವಾರ್ಡಲ್ಲಿ ಅರ್ಧ ಮಂಚ ಖಾಲಿ ಇರ್ತಿತ್ತು.”

“ಊರ ಉಸಾಬರಿ ನಿಮಗ್ಯಾಕೆ ಅತ್ತಿಗೆ? ಆ ಎರಡನ್ನ ಮೂರು ಮಾಡ್ಬೇಕಾದ್ರೂ ನೂರೆಂಟು ಪ್ರಶ್ನೆ ಕೇಳ್ತಾರೆ. ನಿಮಗೆ ಕೋಡ್ ಬರಲ್ಲ.”

“ಬರಲ್ಲ. ನೀನು ಕಲಿಸ್ತೀಯ.”

“ನಾನಾ?”

“ಮತ್ತಿನ್ಯಾರು, ನಿಮ್ಮಣ್ಣನಾ? ಕುರ್ಚಿ ಎಳ್ಕೊಂಡು ಕೂತ್ಕೋ.”

ಮೇಲ್ವಿಚಾರಕರಿಗೆ ಅವಳು ಎರಡೇ ಮಾತು ಬರೆದಳು: “ನನ್ನ ಹೆಸರು ಇದ್ದಲ್ಲೇ ಇರಲಿ. ನಮ್ಮ ಕೆಲಸದಲ್ಲಿ ಕೇಸ್ ಶೀಟಿಗೆ ಕೊನೆಯ ಸಹಿ ಹಾಕಿದವರು, ಇನ್ನೊಬ್ಬರು ಬರುವವರೆಗೆ ರೋಗಿಯನ್ನು ಬಿಟ್ಟು ಹೋಗುವಂತಿಲ್ಲ.” ನಾದಿನಿ ಕುರ್ಚಿ ಎಳೆದುಕೊಂಡಳು.

ಗ್ರಂಥಪಾಲಕರಿಗೆ ಮೊದಲು ‘ಕ್ಷಮಿಸಿ, ನಾನು ಬರೀ ಕಾಗುಣಿತ…’ ಎಂದು ಶುರುಮಾಡಿದಳು. ಅಷ್ಟಕ್ಕೇ ನಿಲ್ಲಿಸಿ ಅಳಿಸಿದಳು. ಮತ್ತೆ ಬರೆದಳು: “ನಮಸ್ಕಾರ. ಹೌದು, ಆ ಸಾಲು ನನ್ನದು. ನಾಳೆ ನನಗೆ ಡ್ಯೂಟಿ ಮಧ್ಯಾಹ್ನಕ್ಕೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮುಂಚೆ ಕೆಳಗಿನ ನಂಬರಿಗೆ ಕರೆ ಮಾಡಿ, ಫೋನನ್ನು ಅದರ ಪಕ್ಕೆಗೆ ಹಿಡಿಯಿರಿ. ಡಿಸ್ಕಿನ ಸದ್ದು ಕೇಳಿಸಿಕೊಂಡು, ಅದು ಏಳುವವರೆಗೆ ನಾನು ಸೆಕೆಂಡು ಎಣಿಸುತ್ತೇನೆ.”