ಸಾಕ್ಷಿ ಬೆಲ್ಷಿಯೋರ್

ಕಿತೇರಿಯಾಳ ಭುಜದ ಬಟ್ಟೆ ಸರಿಸಿ ನೋಡಿದ ಸಾರ್ಜೆಂಟ್ ಲೆಡೆಸ್ಮಾಗೆ ದೊರೆಯ ಮುದ್ರೆ ಕಾಣಲಿಲ್ಲ. ಸುಂಕ ಕಟ್ಟಿ ತಂದ ಗುಲಾಮರಿಗೆ ಸ್ಪೇನಿನವರು ಕಬ್ಬಿಣ ಕಾಸಿ ಬರೆ ಹಾಕುತ್ತಿದ್ದರು. ಇವಳ ಭುಜ ನುಣುಪಾಗಿತ್ತು.

"ಕಳ್ಳಮಾಲು," ಎಂದ ಲೆಡೆಸ್ಮಾ, ಸೋರೆಬುರುಡೆಯಿಂದ ಕಷಾಯ ಹೀರುತ್ತಾ. "ತಂದೋನು ಯಾರು?"

ನದಿಯ ದಡದಲ್ಲಿದ್ದದ್ದು ಒಂದೇ ದೋಣಿ, ಒಬ್ಬನೇ ಬೆಲ್ಷಿಯೋರ್. ಪೋರ್ಚುಗೀಸರ ದಡದಿಂದ ಈ ದಡಕ್ಕೆ ಹದಿನೈದು ವರ್ಷದಿಂದ ಗುಲಾಮರನ್ನು ಸುಂಕ ತಪ್ಪಿಸಿ ಸಾಗಿಸುತ್ತಿದ್ದವನು. ಹಳೇ ಸಾರ್ಜೆಂಟು ಇವನಿಗಾಗಿ ಕಣ್ಣು ಮುಚ್ಚುತ್ತಿದ್ದ. ಹೋದ ತಿಂಗಳು ಪೂರ್ತಿಯಾಗಿಯೇ ಮುಚ್ಚಿಬಿಟ್ಟ. ಲೆಡೆಸ್ಮಾ ಹೊಸಬ.

"ನಾನಲ್ಲ ಸ್ವಾಮಿ! ನಾನು ಮೀನು ಹಿಡಿಯೋನು."

"ಬಲೆ ಎಲ್ಲಯ್ಯಾ?"

"ಮೀನು ಎಳ್ಕೊಂಡು ಹೋಯ್ತು."

"ಮತ್ತೆ ಈ ಹೆಂಗಸು?"

"ಯಾರೋ ಏನೋ, ತಾಯಾಣೆ! ಅವಳಷ್ಟಕ್ಕೆ ಅವಳೇ ಬಂದಿರಬೇಕು."

ಕಿತೇರಿಯಾ ಥಟ್ಟನೆ ತಲೆಯೆತ್ತಿದಳು. ಆಚೆ ದಡದ ಅಡುಗೆಮನೆಗಳಲ್ಲೆಲ್ಲ ಪಿಸುಗುಟ್ಟುತ್ತಿದ್ದ ಕಾನೂನು ಅದು: ಯಾರಾದರೂ ತಂದರೆ ನೀನು ಮಾಲು, ನಾಳೆಯೇ ಹರಾಜು, ನೀನಾಗಿ ಓಡಿ ಬಂದರೆ ಬಿಡುಗಡೆ. ಸ್ಪೇನಿನ ದೊರೆ ಇದನ್ನು ಮಾಡಿದ್ದು ದಯೆಯಿಂದೇನಲ್ಲ, ಪೋರ್ಚುಗಲ್ಲಿನ ದೊರೆಯ ಹೊಟ್ಟೆ ಉರಿಸಲಿಕ್ಕೆ. ಉರಿ ಯಾರದ್ದಾದರೇನು, ಅನ್ನ ಬೆಂದರೆ ಸಾಕು.

"ಹೌದು ಸ್ವಾಮಿ, ನಾನೇ ಬಂದೆ," ಎಂದಳು. "ಈಜಿಕೊಂಡು."

"ಬಟ್ಟೆ ಒಣಗಿದೆಯಲ್ಲಮ್ಮ?"

"ನಿಮ್ಮ ದೊರೆ ಸೀಮೆಯ ಬಿಸಿಲು ಸ್ವಾಮಿ. ಬಲು ಚುರುಕು."

ಲೆಡೆಸ್ಮಾನ ಮೀಸೆ ಅಲುಗಿತು. ಕಾಗದ ತೆಗೆದು 'ತಾನಾಗಿ ಬಂದವಳು, ಇಂದಿನಿಂದ ಸ್ವತಂತ್ರಳು' ಎಂದು ಬರೆದ. "ಒಬ್ಬಳೇ ಬಂದದ್ದಕ್ಕೆ ಸಾಕ್ಷಿ ಬೇಕಲ್ಲ. ಬಾರಯ್ಯಾ ಮೀನುಗಾರ, ರುಜು ಹಾಕು."

ಬೆಲ್ಷಿಯೋರನ ಮುಖ ಬಿಳುಚಿತು. "ಸ್ವಾಮಿ, ನಾನು ಎಲ್ಲೂ ರುಜು ಹಾಕೋನಲ್ಲ..."

"ಹಾಗಾದ್ರೆ ತಂದೋನು ನೀನೇ. ದೋಣಿ ನಮ್ಮದು, ಐದು ವರ್ಷ ಕೋಟೆ ಕಟ್ಟೋ ಕಲ್ಲು ನಿಂದು."

ಬೆಲ್ಷಿಯೋರ್ ಲೇಖನಿ ಹಿಡಿದ. ಬೆಳಗ್ಗೆಯಷ್ಟೇ ಅವಳ ಕೈ ಕಟ್ಟಿದ್ದ ಬೆರಳುಗಳು ಈಗ ಅವಳ ಬಿಡುಗಡೆಗೆ ರುಜು ಹಾಕತೊಡಗಿದವು.

ಕಿತೇರಿಯಾ ಸೊಂಟದ ಮೇಲೆ ಕೈಯಿಟ್ಟು ಅವನ ಬೆನ್ನ ಹಿಂದೆ ಬಂದು ನಿಂತಳು. ಬೆಳಗಿನವರೆಗೂ ಅವನನ್ನು 'ದಣಿ' ಎನ್ನುತ್ತಿದ್ದವಳು.

"ಅಕ್ಷರ ದುಂಡಗೆ ಬರಿ, ಬೆಲ್ಷಿಯೋರ್. ನನ್ನ ಮೊಮ್ಮಕ್ಕಳು ಓದಬೇಕು."